ಸುಬೇದಾರರ ಲಾರಿಗೆ ಹೆಡ್‌ಲೈಟು ಹಾಕಿದ್ದು

ಆ ಶನಿವಾರ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಸ್ಟಾರ್ಟರ್ ಮೋಟಾರು ಬಿಚ್ಚಿ ಹರಡಿಕೊಂಡು ಕೂತಿದ್ದೆ. ಟ್ರ್ಯಾಕ್ಟರೊಂದು ಸರಪಳಿ ಕಟ್ಟಿ ಎಳೆದುಕೊಂಡು ಬಂದ ಹಸಿರು ಮಿಲಿಟರಿ ಲಾರಿ ಶಿರಾಳಕೊಪ್ಪದ ರಸ್ತೆಯ ಅರ್ಧವನ್ನು ತುಂಬಿಕೊಂಡು ನನ್ನೆದುರು ನಿಂತಿತು. ಅದರ ಎಡಗಡೆಯ ಹೆಡ್‌ಲೈಟು ಚಪ್ಪಟೆಯಾಗಿ ರೇಡಿಯೇಟರಿನ ಜಾಲರಿಗೆ ಅಂಟಿಕೊಂಡಿತ್ತು. ಬಲಗಡೆಯದರ ಮುಂದಿದ್ದ ಕಬ್ಬಿಣದ ಪಟ್ಟಿ ಬಾಗಿ ಗಾಜಿನೊಳಕ್ಕೆ ನುಗ್ಗಿತ್ತು. ಬಲ್ಬು ವೈರಿನ ತುದಿಯಲ್ಲಿ ನೇತಾಡುತ್ತಿತ್ತು.

ಟ್ರ್ಯಾಕ್ಟರಿನ ಮೇಲಿಂದ ಇಳಿದವರು ಲಾರಿಯ ಮಾಲೀಕರು, ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಬಳ್ಳಿಗಾವಿಯ ಹತ್ತಿರ ಅವರ ಜಮೀನು. ಗಡಿಯಲ್ಲಿದ್ದಾಗ ತಾವು ಓಡಿಸಿದ ಮಾದರಿಯದೇ ಲಾರಿಯೊಂದು ಯಾವುದೋ ಸಾಮಿಲ್ಲಿನ ಹಿಂದೆ ಬಳ್ಳಿ ಹಬ್ಬಿಕೊಂಡು ಬಿದ್ದಿದ್ದನ್ನು ಕಂಡು ತಂದು, ಆರು ವರ್ಷ ಒಂದೊಂದೇ ಭಾಗ ಕೂಡಿಸಿ ಎಬ್ಬಿಸಿದ್ದರು. ಹಿಂದಿನ ವಾರ ಅದನ್ನು ಸೊರಬದ ಕಾಲೇಜು ಮೈದಾನದಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದರಂತೆ. ಸಂಜೆ ಕತ್ತಲಾದ ಮೇಲೆ ವಾಪಸು ತರುವಾಗ ಕೆರೆ ಏರಿಯ ತಿರುವಿನಲ್ಲಿ ಅದು ರಸ್ತೆ ಬಿಟ್ಟು ಹೊಂಗೆಮರಕ್ಕೆ ಗುದ್ದಿತ್ತು. ಸುಬೇದಾರರು ಹಿಂದೆ ಕಾರಿನಲ್ಲಿ ಬರುತ್ತಿದ್ದವರು ದಾರಿಯಲ್ಲಿ ಯಾರದೋ ಮನೆಗೆ ಹೋಗಿದ್ದರಿಂದ ನೋಡಿರಲಿಲ್ಲ. ಓಡಿಸುತ್ತಿದ್ದವರು ಜಡೆಯ ಡ್ರೈವರು. ಸೊರಬದ ಕಾಡುಗಳಿಂದ ಮರದ ನಾಟಾ ಸಾಗಿಸುತ್ತಿದ್ದ ಕಾಲದಲ್ಲಿ ಇಂಥ ಲಾರಿಗಳನ್ನೇ ಓಡಿಸಿ ಪಳಗಿದ ಹಿರಿಯರು. ಅವರ ಬಲಗೈ ಮಣಿಕಟ್ಟು ಮುರಿದು, ಪಕ್ಕೆಲುಬು ಬಿರುಕು ಬಿಟ್ಟಿತ್ತು.

ಎರಡೂ ಲೈಟು ಒಮ್ಮೆಗೇ ಆರಿಹೋದವು ಎಂದು ಡ್ರೈವರು ಹೇಳಿದ್ದರು. ಸುಬೇದಾರರು ಮಾರನೆಯ ಬೆಳಿಗ್ಗೆ ಹೋಗಿ ಸ್ವಿಚ್ಚು ತಿರುಗಿಸಿ ನೋಡಿದರೆ ನೇತಾಡುತ್ತಿದ್ದ ಬಲ್ಬು ಚೆನ್ನಾಗಿಯೇ ಉರಿಯಿತು. ಅಲ್ಲಿಗೆ ಅವರ ಮಟ್ಟಿಗೆ ತೀರ್ಮಾನವಾಯಿತು. ಡ್ರೈವರು ಕುಡಿತ ಬಿಟ್ಟು ಹನ್ನೊಂದು ವರ್ಷವಾಗಿತ್ತು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಹಳೆಯ ಚಟ ಮರುಕಳಿಸಿದೆ ಎಂದೇ ಅವರು ನಂಬಿದ್ದರು. ಇನ್ನು ಲಾರಿ ಮುಟ್ಟಬೇಡ ಎಂದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿ ಬಂದಿದ್ದರು.

ಎರಡು ತಿಂಗಳ ಹಿಂದೆ ಆ ಲಾರಿಯ ಲೈಟಿನ ವೈರಿಂಗ್ ಮಾಡಿದವನು ನಾನು. ಅದನ್ನು ಸುಬೇದಾರರೇ ನೆನಪಿಸಿದರು. "ನಿಮ್ಮ ಕೆಲಸದಾಗೆ ಏನೂ ತಪ್ಪಿಲ್ಲ ನೋಡ್ರಿ. ಅಷ್ಟು ಗುದ್ದಿದ ಮೇಲೂ ಲೈಟ್ ಹತ್ತಿತು. ಅದಕ್ಕೇ ಮತ್ತೆ ನಿಮ್ಮತ್ರಾನೇ ತಂದೆ" ಎಂದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ಈಗ ನೆನೆದರೆ ಮೈ ಮುದುಡುತ್ತದೆ.

ಒಂಬತ್ತು ದಿನ ಇತ್ತು. ಮುಂದಿನದರ ಮುಂದಿನ ಸೋಮವಾರ ಲಾರಿಯನ್ನು ಎಫ್‌ಸಿಗೆ, ಅಂದರೆ ಆರ್‌ಟಿಒದವರ ಫಿಟ್‌ನೆಸ್ ಪರೀಕ್ಷೆಗೆ, ಒಯ್ಯಬೇಕು. ಈ ಸಲ ಪಾಸಾಗದಿದ್ದರೆ ಇಷ್ಟು ಹಳೆಯ ಗಾಡಿಗೆ ಇನ್ನೊಂದು ಅವಕಾಶ ಸಿಗುವುದಿಲ್ಲ, ಗುಜರಿಯೇ ಗತಿ ಎಂಬ ಭಯ ಅವರಿಗೆ. ತಗಡಿನ ಕೆಲಸದವನು ಮಡ್‌ಗಾರ್ಡು ನೆಟ್ಟಗೆ ಮಾಡುವಷ್ಟರಲ್ಲಿ ನಾನು ಲೈಟು ಕೂರಿಸಬೇಕು ಎಂದು ಮಾತಾಯಿತು.

ಮೊದಲ ಎರಡು ದಿನ ಬಿಚ್ಚುವುದರಲ್ಲೇ ಹೋದವು. ಕಬ್ಬಿಣದ ಪಟ್ಟಿಗಳ ಬೋಲ್ಟು ತುಕ್ಕು ತಿಂದು ಒಂದಾಗಿದ್ದವು. ಸೀಮೆಎಣ್ಣೆ ಬಿಟ್ಟು ಒಂದು ಹಗಲು ಕಾದೆ. ನಾಲ್ಕರಲ್ಲಿ ಎರಡು ಬಂದವು, ಇನ್ನೆರಡರ ತಲೆ ಹಾರಿಹೋಯಿತು. ಡ್ರಿಲ್ಲು ಹಾಕಿ ತೆಗೆದೆ. ಒಳಗಿನ ತಗಡಿನ ಬಟ್ಟಲನ್ನು ಮರದ ದಿಮ್ಮಿಯಲ್ಲಿ ಕೊರೆದ ಗುಂಡಿಗೆ ಕೂರಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ದುಂಡಗೆ ಮಾಡಿದೆ. ಗಾಜು ಮತ್ತು ಪ್ರತಿಫಲಕ ಒಂದಾಗಿ ಬರುವ ಭಾಗಕ್ಕೆ ನಾವು ಡೂಮ್ ಅನ್ನುತ್ತೇವೆ. ಏಳಿಂಚಿನ ಡೂಮು ಹಳೆಯ ಜೀಪಿನಿಂದ ಬಸ್ಸಿನವರೆಗೆ ಎಲ್ಲದಕ್ಕೂ ಆಗುತ್ತದೆ. ಆದರೆ ಸುಬೇದಾರರಿಗೆ ಆ ಮಾದರಿಗೆ ಬರುತ್ತಿದ್ದಂಥದೇ, ಉಬ್ಬು ಗಾಜಿನದೇ ಬೇಕಿತ್ತು. ಹಳೆಯ ಗಾಡಿಗಳ ಸಾಮಾನು ಮಾರುವ ದೂರದ ಊರಿನ ಒಬ್ಬರಿಂದ ಅವರೇ ಒಂದು ಜೊತೆ ತರಿಸಿದರು. ಬಸ್ಸಿನ ಪಾರ್ಸೆಲ್ಲಿನಲ್ಲಿ, ಭತ್ತದ ಹುಲ್ಲಿನೊಳಗೆ ಹುದುಗಿಕೊಂಡು ಬುಧವಾರ ಬಂತು.

ಗುರುವಾರ ಅದನ್ನು ಕೂರಿಸಿ, ಊರಾಚೆಯ ಅಕ್ಕಿ ಗಿರಣಿಗೆ ಲಾರಿ ಒಯ್ದೆ. ಗುದ್ದಿದಾಗ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಹಗಲಿನಲ್ಲಿ ಹೆಡ್‌ಲೈಟಿನ ಬೆಳಕು ಅಳೆಯಬೇಕೆಂದರೆ ಆ ಗಿರಣಿಯ ಗೋದಾಮಿನಷ್ಟು ಕತ್ತಲೆಯ ಜಾಗ ನಮ್ಮಲ್ಲಿ ಬೇರೆ ಇಲ್ಲ. ಗೋಡೆಯಿಂದ ಇಪ್ಪತ್ತೈದು ಅಡಿ ದೂರ ಲಾರಿ ನಿಲ್ಲಿಸಿ, ಲೈಟಿನ ನಡುಮಧ್ಯದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಡಿಮ್ ಹಾಕಿದೆ. ಬೆಳಕಿನ ಅಂಚು ಬಲಗಡೆಗೆ ಏರುತ್ತಿತ್ತು. ಎಷ್ಟು ತಿರುಪು ತಿರುಗಿಸಿದರೂ ಬಲಕ್ಕೇ. ಆಮೇಲೆ ಹೊಳೆಯಿತು, ಅದು ರಸ್ತೆಯ ಬಲಗಡೆ ಗಾಡಿ ಓಡಿಸುವ ದೇಶದ ಗಾಜು. ನಮ್ಮಲ್ಲಿ ಬೆಳಕು ಎಡಕ್ಕೆ ಏರಬೇಕು, ಇಲ್ಲದಿದ್ದರೆ ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಐದು ದಿನದ ಕೆಲಸ ವ್ಯರ್ಥವಾಗಿತ್ತು. ಗಿರಣಿಯ ಹೊಟ್ಟಿನ ರಾಶಿಯ ಪಕ್ಕ ಸುಮ್ಮನೆ ಕೂತುಬಿಟ್ಟೆ.

ಆದರೆ ನಿಜವಾದ ಸಂಕಟ ಶುರುವಾದದ್ದು ಅದಾದ ಮೇಲೆ.

ಬ್ಯಾಟರಿ ಇಳಿಯದಿರಲಿ ಎಂದು ಎಂಜಿನ್ ಚಾಲೂ ಇಟ್ಟಿದ್ದೆ. ಹೊಗೆ ಹೋಗಲು ಹಿಂದಿನ ಬಾಗಿಲು ತೆರೆದಿತ್ತು. ಕ್ಯಾಬಿಗೆ ಹತ್ತಿ, ಬಂದ್ ಮಾಡುವ ಮೊದಲು ಆಕ್ಸಿಲರೇಟರನ್ನು ಒಮ್ಮೆ ಜೋರಾಗಿ ಒತ್ತಿದೆ. ಗೋಡೆಯ ಮೇಲಿನ ಎರಡೂ ಬೆಳಕು ಒಮ್ಮೆಗೇ ಆರಿದವು.

ಎಂಜಿನ್ ನಿಲ್ಲಿಸಿದೆ. ಸ್ವಿಚ್ಚು ಮುಟ್ಟಲಿಲ್ಲ. ಕತ್ತಲಲ್ಲಿ ಕೂತಿದ್ದೆ. ಒಂದು ನಿಮಿಷವೂ ಆಗಿರಲಿಲ್ಲ, ಒಳಗೆಲ್ಲೋ ಟಿಕ್ ಎಂದಿತು, ಬೆಳಕು ತಾನಾಗಿಯೇ ಬಂತು.

ಈ ಮಿಲಿಟರಿ ಲಾರಿಯಲ್ಲಿ ಸಾಮಾನ್ಯ ಗಾಡಿಗಳಂತೆ ಸುಟ್ಟುಹೋಗುವ ಫ್ಯೂಸಿಲ್ಲ. ಒಂದು ಸಣ್ಣ ಬ್ರೇಕರ್ ಇದೆ. ಎಲ್ಲಾದರೂ ಶಾರ್ಟ್ ಆದರೆ ಬಿಸಿಯಾಗಿ ಕರೆಂಟು ಕಡಿಯುತ್ತದೆ, ತಣ್ಣಗಾದ ಮೇಲೆ ತಾನೇ ಕೂಡಿಕೊಳ್ಳುತ್ತದೆ. ಅಂದರೆ ಲೈಟು ಆರಿದ್ದಕ್ಕೆ ಗುರುತೇ ಉಳಿಯುವುದಿಲ್ಲ. ಮಾರನೆಯ ದಿನ ಯಾರು ಸ್ವಿಚ್ಚು ಹಾಕಿದರೂ ಉರಿಯುತ್ತದೆ.

ಟಾರ್ಚ್ ಹಿಡಿದು ಬಾನೆಟ್ಟಿನ ಕೆಳಗೆ ಹೊಕ್ಕೆ. ಕ್ಯಾಬಿಗೂ ಎಂಜಿನ್ನಿಗೂ ನಡುವೆ ದಪ್ಪ ತಗಡಿನ ಗೋಡೆ ಇದೆ. ಸ್ವಿಚ್ಚಿನಿಂದ ಬರುವ ವೈರು ಅದರಲ್ಲಿನ ತೂತಿನ ಮೂಲಕ ಹಾದು, ಕಾಲಿನಿಂದ ಒತ್ತಿ ಬೆಳಕು ಏರಿಳಿಸುವ ಡಿಪ್ಪರಿಗೆ ಹೋಗುತ್ತದೆ. ಎರಡೂ ಲೈಟಿಗೆ ಅದೊಂದೇ ದಾರಿ. ಅಂಥ ತೂತಿಗೆ ರಬ್ಬರ್ ಬುಷ್ ಹಾಕಬೇಕು, ತಗಡಿನ ಅಂಚು ವೈರಿಗೆ ತಾಗದಂತೆ. ಎರಡು ತಿಂಗಳ ಹಿಂದೆ ಆ ಅಳತೆಯ ಬುಷ್ ನನ್ನ ಡಬ್ಬಿಯಲ್ಲಿ ಇರಲಿಲ್ಲ. ಅಂದು ಸಂತೆಯ ದಿನ, ಅಂಗಡಿಯ ಮುಂದೆ ಲಾರಿ ನಿಂತರೆ ಜನಕ್ಕೆ ದಾರಿ ಇಲ್ಲ ಎಂದು ಬೈಗುಳ ಬೀಳುತ್ತಿತ್ತು. ಟೇಪನ್ನು ನಾಲ್ಕು ಸುತ್ತು ಸುತ್ತಿ, ಸಾಕು ಎಂದು ಕಳಿಸಿದ್ದೆ. ಆಮೇಲೆ ಹಾಕಿದರಾಯಿತು ಎಂದುಕೊಂಡಿದ್ದು, ಮರೆತೇಹೋಗಿತ್ತು.

ಟೇಪು ಹರಿದಿತ್ತು. ವೈರಿನ ಮೈ ಸವೆದು, ಅಂಗುಲದುದ್ದ ತಾಮ್ರ ಹೊಳೆಯುತ್ತಿತ್ತು. ತಗಡಿನ ಅಂಚಿನಲ್ಲಿ ಕಿಡಿ ಹಾರಿದ ಕಪ್ಪು ಕಲೆಗಳು. ಎಂಜಿನ್ ಒಂದು ವೇಗಕ್ಕೆ ಬಂದು ಅದುರಿದಾಗ ಮಾತ್ರ ತಾಮ್ರ ತಗಡಿಗೆ ತಾಗುತ್ತಿತ್ತು.

ಕೆರೆ ಏರಿಯ ಮೇಲೆ ಡ್ರೈವರ ಎದುರು ಆರಿದ್ದು ಇದು.

ನಾನು ಮಾಡಿದ್ದನ್ನು ಇದ್ದಂತೆಯೇ ಬರೆಯುತ್ತೇನೆ. ಸುತ್ತ ಯಾರೂ ಇರಲಿಲ್ಲ. ಸವೆದ ಭಾಗವನ್ನು ಎರಡಡಿ ಕತ್ತರಿಸಿ ತೆಗೆದು, ಸುರುಳಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಹೊಸ ವೈರು ಎಳೆದು, ಗಿರಣಿಯಲ್ಲಿದ್ದ ಸೈಕಲ್ಲು ಹತ್ತಿ ಅಂಗಡಿಗೆ ಹೋಗಿ ಸರಿಯಾದ ಬುಷ್ ಹುಡುಕಿ ತಂದು ಹಾಕಿದೆ. ಆ ದಿನ ಅದು ಡಬ್ಬಿಯಲ್ಲಿತ್ತು. ಕಪ್ಪು ಕಲೆಗಳನ್ನು ಎಮರಿ ಕಾಗದದಿಂದ ಉಜ್ಜಿ ಬಣ್ಣ ಬಳಿದೆ. ಗಿರಣಿಯವರು ಬೀಗ ಹಾಕಲು ಬರುವ ಹೊತ್ತಿಗೆ ನನ್ನ ತಪ್ಪು ಲಾರಿಯಲ್ಲಿ ಎಲ್ಲೂ ಇರಲಿಲ್ಲ.

ಶುಕ್ರವಾರ ಶಿವಮೊಗ್ಗಕ್ಕೆ ಹೋಗಿ ಗುಜರಿ ಅಂಗಡಿಗಳನ್ನು ಸುತ್ತಿ ಹಳೆಯ ಬಸ್ಸಿನ ಒಂದು ಜೊತೆ ಡೂಮು ಆರಿಸಿ ತಂದೆ. ಗಾಜು ಸ್ವಲ್ಪ ಚಪ್ಪಟೆ, ಆದರೆ ಬೆಳಕು ಎಡಕ್ಕೇರುವಂಥದು. ಅದರ ಬಲ್ಬಿನ ಹಿಂಭಾಗ ಬಟ್ಟಲಿನ ತಳಕ್ಕೆ ತಾಗುತ್ತಿತ್ತು. ತಳವನ್ನು ತಟ್ಟಿ ಆಳ ಮಾಡುತ್ತಾ ಕೂತೆ. ಕೈ ಕೆಲಸ ಮಾಡುತ್ತಿತ್ತು, ತಲೆ ಜೇಬಿನಲ್ಲಿತ್ತು. ಗಾಬರಿಯಲ್ಲಿ ಇಪ್ಪತ್ತನಾಲ್ಕು ವೋಲ್ಟಿನ ಗಾಡಿಗೆ ಹನ್ನೆರಡರ ಬಲ್ಬು ಹಾಕಿ, ಒಂದೇ ಕ್ಷಣದಲ್ಲಿ ಎರಡನ್ನೂ ಸುಟ್ಟೆ. ಇಪ್ಪತ್ತಾರು ವರ್ಷದಲ್ಲಿ ಅಂಥ ತಪ್ಪು ಮಾಡಿರಲಿಲ್ಲ.

ಶನಿವಾರ ಮಧ್ಯಾಹ್ನ ಡ್ರೈವರು ಬಂದರು. ಶಿಕಾರಿಪುರದ ಆಸ್ಪತ್ರೆಗೆ ಪಟ್ಟಿ ತೋರಿಸಿಕೊಂಡು ಬಸ್ಸು ಬದಲಿಸಲು ಇಳಿದಿದ್ದರು. ಕೈ ಕೊರಳಿಗೆ ನೇತುಬಿದ್ದಿತ್ತು. ಲಾರಿಯ ಹತ್ತಿರ ಹೋಗಲಿಲ್ಲ. ನನ್ನ ಬೆಂಚಿನ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತು ಊರಿನ ಮಾತಾಡಿ, ಆಮೇಲೆ ಕೇಳಿದರು.

"ಬಿಚ್ಚಿದ್ರಲ್ಲ ಮೇಸ್ತ್ರಿ, ಏನಾರ ಗೊತ್ತಾತಾ?"

ನಾನು ಸ್ಕ್ರೂಡ್ರೈವರ್ ಒರೆಸುತ್ತಾ, ಏನೂ ಸಿಕ್ಕಿಲ್ಲ ಎಂದೆ.

ಅವರು ತಲೆಯಾಡಿಸಿದರು. "ಎಲ್ಲಾರೂ ಹೇಳಿ ಹೇಳಿ ನಂಗೇ ಅನುಮಾನ ಬಂದೈತಿ. ಲೈಟ್ ಹೋಗಿದ್ದು ನನ್ನ ಕಣ್ಣಾರೆ ನೋಡೀನಿ. ಆದ್ರೂ ಅನಿಸ್ತೈತಿ, ನಾನೇ ಕಣ್ಣು ಮುಚ್ಚಿದ್ನೇನೋ ಅಂತ."

ಅವರ ಬಸ್ಸು ಬಂತು. ಎಡಗೈಯಿಂದ ಕಂಬಿ ಹಿಡಿಯಲು ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಹತ್ತಿದರು. ನಾನು ಎದ್ದು ಹೋಗಿ ಹತ್ತಿಸಬಹುದಿತ್ತು. ಹೋಗಲಿಲ್ಲ.

ಅಂದು ರಾತ್ರಿ ಮನೆಯಲ್ಲಿ ಹೆಂಡತಿ ಅಂಗಿ ನೆನೆಹಾಕುವಾಗ ಜೇಬಿನಿಂದ ವೈರು ತೆಗೆದು, ಎಸೆಯಲಾ ಎಂದು ಕೇಳಿದಳು. ಕಿತ್ತುಕೊಂಡೆ. ಅವಳು ನನ್ನ ಮುಖ ನೋಡಿ, ಅಂಗಿಯನ್ನು ಬಕೆಟ್ಟಿಗೆ ಹಾಕಿದಳು. ಊಟಕ್ಕೆ ಕೂತೆ. ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಶಿರಾಳಕೊಪ್ಪ ಸಣ್ಣ ಊರು. ವೈರಿಂಗ್ ಮಾಡಿ ಡ್ರೈವರ ಕೈ ಮುರಿದವನು ಎಂದು ಹೆಸರು ಬಿದ್ದರೆ ನನ್ನ ಅಂಗಡಿಯ ಮುಂದೆ ಇನ್ನೊಂದು ಗಾಡಿ ನಿಲ್ಲುವುದಿಲ್ಲ. ಪೊಲೀಸು ಕೇಸೂ ಆಗಬಹುದು. ಕೈಗೆ ಬೇರೆ ಕೆಲಸ ಗೊತ್ತಿಲ್ಲ. ಮುಚ್ಚಿಟ್ಟರೆ ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಎಷ್ಟು ಸಲ ಲೆಕ್ಕ ಹಾಕಿದರೂ ಮುಚ್ಚಿಡುವುದೇ ಸರಿ ಎಂದು ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಸುಬೇದಾರರು ಬಂದು ಒಂದು ಕಾಗದ ಕೇಳಿದರು. ಡ್ರೈವರ ಸಂಬಂಧಿಕರು ಯಾರೋ, ಕೆಟ್ಟ ಲಾರಿ ಕೊಟ್ಟು ಓಡಿಸಲು ಹೇಳಿದರು ಎಂದು ದೂರು ಕೊಡುವ ಮಾತಾಡುತ್ತಿದ್ದಾರಂತೆ. ಲಾರಿಯ ವೈರಿಂಗ್ ಪರೀಕ್ಷೆ ಮಾಡಿದ್ದೇನೆ, ದೋಷ ಇರಲಿಲ್ಲ ಎಂದು ನಾನು ಬರೆದು ಅಂಗಡಿಯ ಸೀಲು ಹಾಕಿ ಕೊಟ್ಟರೆ ಅವರ ಬಾಯಿ ಮುಚ್ಚುತ್ತದೆ ಎಂದರು. ಮಧ್ಯಾಹ್ನ ಗಿರಣಿಯಲ್ಲಿ ಲೈಟು ಹೊಂದಿಸುವಾಗ ಬಂದು ತೆಗೆದುಕೊಳ್ಳುತ್ತೇನೆ ಎಂದು ಹೋದರು.

ಬಿಲ್ ಪುಸ್ತಕದ ಹಾಳೆ ಹರಿದು ಬರೆಯಲು ಕೂತೆ. ಲಾರಿಯ ನಂಬರು ಬರೆದೆ. 'ಸದರಿ ವಾಹನದ ಹೆಡ್‌ಲೈಟಿನ ವೈರಿಂಗನ್ನು ನಾನು ಪರಿಶೀಲಿಸಿದ್ದು' ಎಂದು ಬರೆದೆ. ಮುಂದಿನ ಪದಕ್ಕೆ ಪೆನ್ನು ಹೋಗಲಿಲ್ಲ. ಬಾಯಲ್ಲಿ ಸುಳ್ಳು ಹೇಳಿಯಾಗಿತ್ತು, ಅದೇ ಸುಳ್ಳನ್ನು ಕೈಯಲ್ಲಿ ಬರೆಯುವುದಕ್ಕೆ ಆಗಲಿಲ್ಲ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ. ಆ ಕಾಗದ ಇನ್ನು ಹತ್ತು ವರ್ಷ ಎಲ್ಲೋ ಒಂದು ಫೈಲಿನಲ್ಲಿ ಇರುತ್ತದೆ, ಡ್ರೈವರು ಕಣ್ಣು ಮುಚ್ಚಿದರು ಎಂದು ನನ್ನ ಸಹಿಯಲ್ಲಿ ಹೇಳುತ್ತಿರುತ್ತದೆ ಅನ್ನಿಸಿತು. ಹಾಳೆ ಹರಿದು ಡ್ರೈವರಿಗೆ ಫೋನು ಮಾಡಿದೆ. ಎರಡು ಗಂಟೆಗೆ ಗಿರಣಿಗೆ ಬನ್ನಿ, ಒಂದು ತೋರಿಸುವುದಿದೆ ಎಂದಷ್ಟೇ ಹೇಳಿದೆ.

ಅವರು ಬರುವುದರೊಳಗೆ ಬೆಳಕು ಹೊಂದಿಸಿ ಮುಗಿಸಿದ್ದೆ. ಎಡದ ಅಂಚು ಬೇಕಾದಷ್ಟೇ ಏರಿ ಗೆರೆಗಿಂತ ನಾಲ್ಕು ಬೆರಳು ಕೆಳಗೆ ನಿಂತಿತ್ತು. ಒಳ್ಳೆಯ ಕೆಲಸವಾಗಿತ್ತು. ಅದನ್ನು ನಾನೇ ಕೆಡಿಸಬೇಕಿತ್ತು. ಬುಷ್ ಕಿತ್ತೆ, ಅಂಚಿಗೆ ಬಳಿದಿದ್ದ ಬಣ್ಣ ಕೆರೆದೆ. ಹೊಸ ವೈರು ಬಿಡಿಸಿ, ಜೇಬಿನ ಹಳೆಯ ತುಂಡನ್ನು ಮೊದಲಿದ್ದ ಜಾಗದಲ್ಲೇ ಕೂಡಿಸಿದೆ. ಸವೆದ ಭಾಗ ತಗಡಿನ ಅಂಚಿಗೇ ಬರುವಂತೆ ನೋಡಿಕೊಂಡೆ.

ಸುಬೇದಾರರು ಡ್ರೈವರನ್ನು ಕಂಡು ಬಾಗಿಲಲ್ಲೇ ನಿಂತರು. ಇವರನ್ನು ಯಾಕೆ ಕರೆಸಿದಿರಿ ಎಂದು ಕೇಳಿದರು. ಐದು ನಿಮಿಷ ಕ್ಯಾಬಿನಲ್ಲಿ ಕೂರಬೇಕು ಎಂದು ಕೈ ಮುಗಿದೆ. ಅವರು ಹತ್ತಿದರು. ಡ್ರೈವರು ಕೆಳಗೆ, ನನ್ನ ಪಕ್ಕ ನಿಂತರು. ಎಂಜಿನ್ ಚಾಲೂ ಮಾಡಿಸಿದೆ, ಲೈಟು ಹಾಕಿಸಿದೆ. ಗೋಡೆಯ ಮೇಲೆ ಎರಡು ಬೆಳಕು ನಿಚ್ಚಳವಾಗಿ ಬಿದ್ದವು. ನಿಧಾನಕ್ಕೆ ವೇಗ ಏರಿಸಿ ಎಂದೆ. ಎಂಜಿನ್ನಿನ ಸದ್ದು ಏರಿತು, ಬಾನೆಟ್ಟು ಅದುರತೊಡಗಿತು. ಒಂದು ಕ್ಷಣ, ಆರದಿದ್ದರೆ ಸಾಕಪ್ಪಾ ಎಂದೂ ಮನಸ್ಸು ಬೇಡಿತು.

ಬೆಳಕು ಆರಿತು.

ಕತ್ತಲಲ್ಲಿ ಡ್ರೈವರ ಉಸಿರು ಒಳಕ್ಕೆ ಹೋಗಿದ್ದು ಕೇಳಿತು. ಸುಬೇದಾರರು ತಾವಾಗಿಯೇ ಎಂಜಿನ್ ನಿಲ್ಲಿಸಿದರು. ಸುಮಾರು ಮುಕ್ಕಾಲು ನಿಮಿಷವಾದ ಮೇಲೆ ಒಳಗೆ ಟಿಕ್ ಎಂದು, ಬೆಳಕು ಮತ್ತೆ ಬಂತು.

ಆಮೇಲೆ ಎಲ್ಲ ಹೇಳಿದೆ. ಬುಷ್ ಇಲ್ಲದ್ದು, ಸಂತೆಯ ದಿನದ ಅವಸರ, ಗುರುವಾರ ವೈರು ಕತ್ತರಿಸಿ ಜೇಬಿಗೆ ಹಾಕಿಕೊಂಡದ್ದು, ಕಲೆ ಉಜ್ಜಿದ್ದು, ಶನಿವಾರ ಏನೂ ಸಿಕ್ಕಿಲ್ಲ ಎಂದದ್ದು. ಸುಬೇದಾರರು ಇಳಿದು ಬಂದು, ಟಾರ್ಚ್ ಇಸಿದುಕೊಂಡು ಆ ತೂತನ್ನು ಬಹಳ ಹೊತ್ತು ನೋಡಿದರು. ನನ್ನ ಕಡೆ ನೋಡದೆ ಟಾರ್ಚ್ ಚಾಚಿ ಕೊಟ್ಟರು. ಡ್ರೈವರ ಎದುರು ನಿಂತು, "ನಾನು ನಿಮ್ಮ ಮಾತು ಕೇಳಬೇಕಿತ್ತು. ಆಸ್ಪತ್ರೆಯಾಗೆ ಹಂಗೆ ಅನ್ನಬಾರದಿತ್ತು" ಎಂದರು.

ಡ್ರೈವರು ಅವರಿಗೆ ತಲೆಯಾಡಿಸಿ, ನನ್ನ ಕಡೆ ತಿರುಗಿದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ.

"ಬುಷ್ ಮರೆತಿದ್ದು ಇರ್ಲಿ ಬಿಡ್ರಿ, ಕೆಲ್ಸದಾಗೆ ಆಗ್ತೈತಿ. ಶನಿವಾರ ನಿಮ್ಮ ಬೆಂಚಿನ ಮೇಲೆ ಕುಂತು ಕೇಳಿದ್ನಲ್ಲ. ಆವಾಗ ನಿಮ್ಮ ಜೇಬಿನಾಗೆ ಇತ್ತಲ್ಲ ಅದು."

ತಪ್ಪಾಯಿತು ಅಣ್ಣ ಎಂದೆ. ಅವರು ಕೊರಳಿಗೆ ನೇತುಬಿದ್ದ ಕೈಯ ಪಟ್ಟಿ ಸರಿಮಾಡಿಕೊಂಡರು.

"ನನಗೊಬ್ಬಗೆ ಹೇಳಿದ್ರೆ ಸಾಲ್ದು. ಜಡೆಗೆ ಬರ್ರಿ. ಬಸ್ ನಿಲ್ದಾಣದ ಹತ್ರ ಚಾ ಅಂಗಡಿ ಐತಿ. ನಾನು ಕುಡಿದು ಮರಕ್ಕೆ ಹೊಡೆದೆ ಅಂತ ಅಲ್ಲಿ ದಿನಾ ಆಡ್ಕೊಂತಾರ. ಅಲ್ಲಿ ಹೇಳ್ರಿ."

ಬರುತ್ತೇನೆ ಎಂದೆ.

ಅಂದು ಸಂಜೆಯೊಳಗೆ ಹಳೆಯ ವೈರು ತೆಗೆದು, ಹೊಸದನ್ನು ಕೂಡಿಸಿ, ಬುಷ್ ಕೂರಿಸಿದೆ. ಸುಬೇದಾರರು ಪಕ್ಕದಲ್ಲೇ ನಿಂತು ಪ್ರತಿಯೊಂದನ್ನೂ ಬೆರಳಿನಿಂದ ಎಳೆದು ಪರೀಕ್ಷಿಸಿದರು. ಸೋಮವಾರ ಲಾರಿ ಎಫ್‌ಸಿಯಲ್ಲಿ ಪಾಸಾಯಿತು. ಬೇರೊಬ್ಬರು ಓಡಿಸಿಕೊಂಡು ಹೋಗಿದ್ದರು. ಪಾಸಾದ ಸುದ್ದಿ ನನಗೆ ತಗಡಿನ ಕೆಲಸದವನಿಂದ ಗೊತ್ತಾಯಿತು. ಸುಬೇದಾರರು ಮತ್ತೆ ನನ್ನ ಅಂಗಡಿಗೆ ಬಂದಿಲ್ಲ. ಡ್ರೈವರ ಕೈ ಕೂಡಿಕೊಂಡಿದೆ, ಆದರೆ ಆ ಲಾರಿಯ ಭಾರದ ಸ್ಟೇರಿಂಗು ತಿರುಗಿಸುವಷ್ಟು ಬಲ ಬರಲಿಲ್ಲ. ಅವರು ಮತ್ತೆ ಅದನ್ನು ಓಡಿಸಲಿಲ್ಲ. ಇದಕ್ಕೆ ಪರಿಹಾರ ನನ್ನ ಬಳಿ ಇಲ್ಲ.

ಎಫ್‌ಸಿಯ ಮಾರನೆಯ ದಿನ, ಮಂಗಳವಾರ, ಅಂಗಡಿಗೆ ಬೀಗ ಹಾಕಿ ಜಡೆಗೆ ಹೊರಟೆ. ಹೆಂಡತಿಗೆ ಹಿಂದಿನ ದಿನವೇ ಎಲ್ಲ ಹೇಳಿದ್ದೆ. ನಾನೂ ಬರಲಾ ಎಂದಳು, ಬೇಡ ಎಂದೆ. ಚಾ ಅಂಗಡಿಯಲ್ಲಿ ಏಳೆಂಟು ಜನರಿದ್ದರು. ಡ್ರೈವರು ಒಳಗಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಎದ್ದು, ಇವರು ಶಿರಾಳಕೊಪ್ಪದ ಮೇಸ್ತ್ರಿ, ಒಂದು ಮಾತು ಹೇಳುವುದಿದೆಯಂತೆ ಎಂದು ಎಲ್ಲರಿಗೂ ತಿಳಿಸಿ ಮತ್ತೆ ಕೂತರು.

ನಾನು ನಿಂತುಕೊಂಡೇ ಹೇಳಿದೆ. ನನ್ನ ಮಾತು ಕೇಳಲೆಂದು ಚಾ ಅಂಗಡಿಯವರು ಸ್ಟೋವ್ ಸಣ್ಣ ಮಾಡಿದರು. ಬ್ರೇಕರ್ ಹೇಗೆ ಕಡಿದು ಹೇಗೆ ಕೂಡುತ್ತದೆ ಎಂದು ಕೈಯಲ್ಲಿ ತೋರಿಸಿದೆ. ತಪ್ಪು ನನ್ನದು, ಇವರು ಕುಡಿದಿರಲಿಲ್ಲ, ನಿದ್ದೆ ಮಾಡಿರಲಿಲ್ಲ, ಆ ಕತ್ತಲಲ್ಲಿ ಕೆರೆಗೆ ಬೀಳಿಸದೆ ಮರದ ಕಡೆ ತಿರುಗಿಸಿದ್ದೇ ದೊಡ್ಡದು ಎಂದೆ. ಒಬ್ಬರು ಪೇಪರು ಮಡಚಿಟ್ಟರು. ನಾನು ಹೊರಡಲು ತಿರುಗಿದೆ.

ಅಷ್ಟರಲ್ಲಿ ಒಬ್ಬ ದಪ್ಪನೆಯ ಮನುಷ್ಯ ಬೈಕು ನಿಲ್ಲಿಸಿ ಒಳಗೆ ಬಂದ. ಡ್ರೈವರು ಬೆಂಚಿನ ಮೇಲೆ ಸ್ವಲ್ಪ ಸರಿದು, ಎಡಗೈಯಿಂದ ಪಕ್ಕದ ಜಾಗ ತಟ್ಟಿ ಆತನನ್ನು ಕೂರಿಸಿಕೊಂಡರು. ಊರಲ್ಲೆಲ್ಲ ಆ ಮಾತು ಹಬ್ಬಿಸಿದವನು ಆತನೇ ಎಂದು ಉಳಿದವರ ಮುಖ ನೋಡಿದರೆ ತಿಳಿಯುತ್ತಿತ್ತು. ಡ್ರೈವರು ನನ್ನನ್ನು ನೋಡಿದರು.

"ಇವರು ಈಗ ಬಂದ್ರು ಮೇಸ್ತ್ರಿ. ಇನ್ನೊಂದ್ಸಲ ಹೇಳ್ರಿ."

ನಾನು ಮತ್ತೆ ಒಳಗೆ ಬಂದು, ಅದೇ ಜಾಗದಲ್ಲಿ ನಿಂತು, ಮೊದಲಿನಿಂದ ಹೇಳಿದೆ.